ನಾಯಿಗೆ ಶೇಂಗಾ ಹಾಕಬಹುದೇ? ಕಾಳಿಗಿಂತ ಬೂಷ್ಟಿನದೇ ಭಯ

ನಾಯಿಗೆ ಶೇಂಗಾ ತಿನ್ನಿಸಬಹುದೇ ಎಂಬ ಪ್ರಶ್ನೆಗೆ ಪಶುವೈದ್ಯಶಾಸ್ತ್ರ ಕೊಡುವ ಉತ್ತರ ಚಿಕ್ಕದು. ಉಪ್ಪು ಬೆರೆಸದ, ಸಿಪ್ಪೆ ತೆಗೆದ, ಹುರಿದ ನಾಲ್ಕಾರು ಒಳ್ಳೆಯ ಕಾಳು ಆರೋಗ್ಯವಂತ ನಾಯಿಗೆ ವಿಷವಲ್ಲ. ಆದರೆ ಶೇಂಗಾ ಬೆಳೆಯುವ ಊರುಗಳಲ್ಲಿ ನಾಯಿಯ ಪಾಲಿಗೆ ಬರುವುದು ಹೆಚ್ಚಾಗಿ ಒಳ್ಳೆಯ ಕಾಳಲ್ಲ. ಬೀಜಕ್ಕೂ ಮಾರಾಟಕ್ಕೂ ಅಡುಗೆಗೂ ಸಲ್ಲದೆಂದು ಆರಿಸಿ ತೆಗೆದ ಕಾಳು ಅದರ ಮುಂದೆ ಬೀಳುತ್ತದೆ. ಆತಂಕಕ್ಕೆ ಕಾರಣವಿರುವುದು ಇಲ್ಲಿಯೇ.

ಧಾರವಾಡ ಜಿಲ್ಲೆಯ ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿ ತಾಲ್ಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ನೆಲ ಮತ್ತು ಮಳೆಯ ವಿಷಯದಲ್ಲಿ ಒಂದೇ ಬಗೆಯವಲ್ಲ. ಪೂರ್ವದ ನವಲಗುಂದ, ಅಣ್ಣಿಗೇರಿಗಳು ಕಪ್ಪು ಎರೆಭೂಮಿಯ ಬಯಲು ಸೀಮೆ. ಪಶ್ಚಿಮದ ಕಲಘಟಗಿ ಮಲೆನಾಡಿನ ಸೆರಗಿನಲ್ಲಿದ್ದು ಭತ್ತಕ್ಕೆ ಹೆಸರಾದದ್ದು. ಮುಂಗಾರಿನಲ್ಲಿ, ಜೂನ್-ಜುಲೈ ಸುಮಾರಿಗೆ ಬಿತ್ತಿದ ಶೇಂಗಾವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೀಳುತ್ತಾರೆ. ಹಿಂಗಾರು ಮಳೆಯ ಮೋಡಗಳು ತಲೆಯ ಮೇಲೆ ಬರುವ ಹೊತ್ತೂ ಅದೇ. ಕಿತ್ತು ಸಾಲು ಹಾಕಿದ ಬಳ್ಳಿಯ ಮೇಲೆ ಎರಡು ದಿನ ಮಳೆ ಬಿದ್ದರೆ ಕಾಯಿ ಒಣಗುವುದು ತಡವಾಗುತ್ತದೆ. ಒಣಗುವುದು ತಡವಾದಷ್ಟೂ ಬೂಷ್ಟು ಹಿಡಿಯಲು ಅವಕಾಶ ಹೆಚ್ಚು.

ಕಡಲೆ ಯಾವುದು, ಶೇಂಗಾ ಯಾವುದು

ಮುಂದೆ ಹೋಗುವ ಮುನ್ನ ಒಂದು ಪದಗೊಂದಲವನ್ನು ಬಗೆಹರಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರು, ಮೈಸೂರು ಭಾಗದ ಓದುಗರು ಕಡಲೆಕಾಯಿ, ಕಡಲೆಬೀಜ ಎನ್ನುವುದನ್ನೇ ಧಾರವಾಡದವರು ಶೇಂಗಾ ಎನ್ನುತ್ತಾರೆ. ಇಲ್ಲಿ ಬರಿಯ ‘ಕಡಲಿ’ ಎಂದರೆ ಹಿಂಗಾರಿನಲ್ಲಿ ಬೆಳೆಯುವ ಕಡಲೆಕಾಳು. ‘ಅಣ್ಣಿಗೇರಿ-1’ ಎಂಬ ಹೆಸರಾಂತ ಕಡಲೆ ತಳಿಗೆ ಈ ಊರಿನ ಹೆಸರೇ ಅಂಟಿಕೊಂಡಿದೆ. ಹುರಿಗಡಲೆಗೆ ಇಲ್ಲಿ ಪುಟಾಣಿ ಎಂಬ ಹೆಸರಿದೆ. ಆದ್ದರಿಂದ ದೂರವಾಣಿಯಲ್ಲಿ ವೈದ್ಯರಿಗೆ ‘ನಾಯಿ ಕಡಲೆ ತಿಂದಿದೆ’ ಎಂದು ಹೇಳುವವರು ಯಾವ ಕಡಲೆ ಎಂಬುದನ್ನೂ ಸ್ಪಷ್ಟಪಡಿಸಬೇಕು. ಬೇಯಿಸಿದ ಕಡಲೆಕಾಳು, ಪುಟಾಣಿಗಳಿಂದ ನಾಯಿಗೆ ಹೊಟ್ಟೆಯುಬ್ಬರ, ವಾಯು ಉಂಟಾಗಬಹುದೇ ಹೊರತು ಅವು ವಿಷವಲ್ಲ.

ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಶೇಂಗಾ ಕೂಡ ಬಾದಾಮಿ, ಅಕ್ರೋಟ್‌ಗಳ ಬಳಗಕ್ಕೆ ಸೇರಿದ್ದಲ್ಲ. ಅದು ಕಡಲೆ, ತೊಗರಿ, ಹೆಸರಿನಂತೆ ದ್ವಿದಳ ಜಾತಿಯದು. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಮಣ್ಣಿನೊಳಗೆ ಕಾಯಿಬಿಟ್ಟ ಬೆಳೆ. ಮಣ್ಣಿನೊಳಗೇ ಕಾಯಿಬಿಡುವ ಈ ಗುಣ ಅದರ ದೌರ್ಬಲ್ಯವೂ ಹೌದು. ಬೂಷ್ಟಿನ ಶಿಲೀಂಧ್ರ ವಾಸಿಸುವುದು ಮಣ್ಣಿನಲ್ಲೇ ಆದ್ದರಿಂದ ಕಾಯಿ ಹುಟ್ಟಿದಂದಿನಿಂದಲೂ ಶತ್ರುವಿನ ಮಗ್ಗುಲಲ್ಲೇ ಬೆಳೆಯುತ್ತದೆ.

ಕಾಳಿನಲ್ಲಿ ಏನಿದೆ

ನೂರು ಗ್ರಾಂ ಶೇಂಗಾ ಕಾಳಿನಲ್ಲಿ ಸುಮಾರು 49 ಗ್ರಾಂ ಕೊಬ್ಬು, 26 ಗ್ರಾಂ ಸಸಾರಜನಕ ಇದ್ದು, ಅದರಿಂದ ದೊರೆಯುವ ಶಕ್ತಿ 567 ಕ್ಯಾಲೊರಿ. ಹೊಲದಲ್ಲಿ ದುಡಿಯುವವನಿಗೆ ಇದು ವರದಾನ. ಮನೆಯಂಗಳದಲ್ಲಿ ಮಲಗಿರುವ ಹತ್ತು ಕಿಲೋ ತೂಕದ ನಾಯಿಗೆ ದಿನಕ್ಕೆ ಬೇಕಾದದ್ದು ಆರುನೂರರ ಆಸುಪಾಸಿನ ಕ್ಯಾಲೊರಿ ಮಾತ್ರ. ಅಂದರೆ ಎರಡು ಹಿಡಿ ಶೇಂಗಾ ತಿಂದರೆ ಅದರ ಇಡೀ ದಿನದ ಆಹಾರದ ಅರ್ಧ ಅಲ್ಲಿಗೇ ಮುಗಿಯಿತು. ತಿಂಡಿತಿನಿಸು ಒಟ್ಟು ಆಹಾರದ ಹತ್ತನೆಯ ಒಂದು ಪಾಲು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಅಷ್ಟು ತೂಕದ ನಾಯಿಗೆ ಒಮ್ಮೆಗೆ ಆರೇಳು ಕಾಳು ಸಾಕು. ಅದೂ ನಿತ್ಯ ಬೇಡ.

ಒಮ್ಮೆಲೇ ಹೆಚ್ಚು ಕೊಬ್ಬು ಹೊಟ್ಟೆಗೆ ಬಿದ್ದರೆ ಕೆಲವು ನಾಯಿಗಳ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಎಡೆಬಿಡದ ವಾಂತಿ, ಬೆನ್ನು ಬಾಗಿಸಿ ನಿಲ್ಲುವುದು, ಹೊಟ್ಟೆ ಮುಟ್ಟಗೊಡದಿರುವುದು ಅದರ ಚಿಹ್ನೆಗಳು. ಬೊಜ್ಜು ಬೆಳೆದ ನಗರದ ನಾಯಿಗಳಿಗೆ ಈ ಅಪಾಯ ಹೆಚ್ಚು.

ಇನ್ನು ಸಿಪ್ಪೆ. ಶೇಂಗಾ ಸಿಪ್ಪೆ ನಾಯಿಯ ಕರುಳಿನಲ್ಲಿ ಜೀರ್ಣವಾಗದು. ಬಿಡಿಸದ ಕಾಯಿಗಳನ್ನು ನುಂಗುತ್ತ ಹೋದ ಸಣ್ಣ ನಾಯಿಗೆ, ಮರಿಗೆ ಅದು ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳಬಹುದು.

ಬೂಷ್ಟಿನ ವಿಷ

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬಣ್ಣದ ಶಿಲೀಂಧ್ರ ಹಾಗೂ ಅದರ ಸಮೀಪದ ಬಂಧುವೊಂದು ಉತ್ಪಾದಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯೇ ಕಾರಣವೆಂದು ಪತ್ತೆಯಾದ ಮೇಲೆ ಈ ವಿಷ ಬೆಳಕಿಗೆ ಬಂತು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ನಾಯಿಗಳ ಯಕೃತ್ತನ್ನು ಹಾಳುಮಾಡುತ್ತಿದ್ದ ರೋಗವೊಂದಕ್ಕೆ ವೈದ್ಯರು ‘ಹೆಪಟೈಟಿಸ್ ಎಕ್ಸ್’ ಎಂದು ಹೆಸರಿಟ್ಟು ಕೈಚೆಲ್ಲಿದ್ದರು. ಅದೂ ಇದೇ ವಿಷದ ಫಲವೆಂದು ನಂತರ ತಿಳಿದುಬಂತು.

ನಾಯಿ ಈ ವಿಷಕ್ಕೆ ಅತಿ ಬೇಗ ತುತ್ತಾಗುವ ಪ್ರಾಣಿಗಳಲ್ಲೊಂದು. ದೇಹತೂಕದ ಪ್ರತಿ ಕಿಲೋಗೆ ಒಂದು ಮಿಲಿಗ್ರಾಂ ಆಸುಪಾಸಿನ ಪ್ರಮಾಣವೂ ಅದಕ್ಕೆ ಮಾರಕವಾಗಬಲ್ಲದು. ಅದಕ್ಕಿಂತ ಬಹಳ ಕಡಿಮೆ ಪ್ರಮಾಣ ದಿನವೂ ಹೊಟ್ಟೆಗೆ ಹೋಗುತ್ತಿದ್ದರೆ ಯಕೃತ್ತು ವಾರ, ತಿಂಗಳುಗಳಲ್ಲಿ ಸದ್ದಿಲ್ಲದೆ ಕೆಡುತ್ತದೆ. ಮನುಷ್ಯರ ಆಹಾರವಾಗಿ ಸಂಸ್ಕರಣೆಗೆ ಹೋಗುವ ಕಾಳಿನಲ್ಲಿ ಪ್ರತಿ ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದೆಂದು ಭಾರತದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆ ಇರುವ ಮಿತಿ 20 ಮೈಕ್ರೋಗ್ರಾಂ. ಹೊಲದ ಬದುವಿನಲ್ಲಿ ನಾಯಿಯ ಮುಂದೆ ಚೆಲ್ಲುವ ಕಾಳನ್ನು ಅಳೆಯುವವರು ಯಾರೂ ಇಲ್ಲ.

ನಮ್ಮ ದೇಶದಲ್ಲೇ ಇದಕ್ಕೊಂದು ದಾರುಣ ನಿದರ್ಶನವಿದೆ. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವ ರೋಗ ಕಾಣಿಸಿಕೊಂಡು ಸುಮಾರು 400 ಮಂದಿ ಹಾಸಿಗೆ ಹಿಡಿದರು. 106 ಮಂದಿ ಸತ್ತರು. ಅಕಾಲದ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಮೆಕ್ಕೆಜೋಳವೇ ಕಾರಣವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದರು. ಆ ಮನೆಗಳಲ್ಲಿ ಅದೇ ರೊಟ್ಟಿ ತಿಂದ ನಾಯಿಗಳೂ ಅದೇ ರೋಗದಿಂದ ಸತ್ತಿದ್ದವು. ಕಲಘಟಗಿ ಕಡೆ ಈಗ ಮೆಕ್ಕೆಜೋಳದ ಬೆಳೆ ಸಾಕಷ್ಟಿರುವುದರಿಂದ, ಶೇಂಗಾಕ್ಕೆ ಹೇಳುವ ಎಚ್ಚರಿಕೆ ಗೋವಿನಜೋಳಕ್ಕೂ ಸಲ್ಲುತ್ತದೆ. ಪ್ಯಾಕೆಟ್ಟಿನ ಆಹಾರವೂ ಇದಕ್ಕೆ ಹೊರತಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕದ ಕಂಪನಿಯೊಂದು ತನ್ನ ನಾಯಿ ಆಹಾರವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಅದನ್ನು ತಿಂದ ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಗಳು ಅಲ್ಲಿನ ಸರ್ಕಾರಕ್ಕೆ ಬಂದಿದ್ದವು.

ಹುರಿದರೆ ವಿಷ ಹೋಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಮನೆಯ ಬಾಣಲೆಯ ಬಿಸಿಗೆ ಶಿಲೀಂಧ್ರ ಸಾಯಬಹುದು. ಆದರೆ ಅದು ಮೊದಲೇ ಬಿಟ್ಟಿರುವ ವಿಷ ಸ್ವಲ್ಪ ಕಡಿಮೆಯಾದೀತೇ ಹೊರತು ಪೂರ್ಣವಾಗಿ ಅಳಿಯದು. ತೊಳೆದರೂ ಅಷ್ಟೆ. ಬೂಷ್ಟು ಕಣ್ಣಿಗೆ ಕಾಣದ ಕಾಳಿನಲ್ಲೂ ವಿಷ ಇರಬಹುದು. ಆದರೂ ಒಂದು ರಾಶಿಯಲ್ಲಿನ ವಿಷದ ಬಹುಪಾಲು ಅದರ ಕೆಲವೇ ಕಾಳುಗಳಲ್ಲಿ ತುಂಬಿರುತ್ತದೆ: ಮುರುಟಿದ, ಬಣ್ಣಗೆಟ್ಟ, ಹುಳು ಕೊರೆದ, ಒಡೆದ ಕಾಳುಗಳಲ್ಲಿ. ಮನೆಯ ಹೆಣ್ಣುಮಕ್ಕಳು ಮೊರದಲ್ಲಿ ಹಾಕಿ ಆರಿಸಿ ತೆಗೆಯುವುದು ಇವನ್ನೇ. ಆ ಆರಿಸುವಿಕೆ ಮನೆಮಂದಿಯನ್ನು ಕಾಯುತ್ತದೆ. ತೆಗೆದದ್ದನ್ನು ನಾಯಿಗೆ ಸುರಿದರೆ ವಿಷದ ಪಾಲೆಲ್ಲವೂ ಒಂದೇ ಬಟ್ಟಲಿಗೆ ಬಂದು ಸೇರಿದಂತಾಯಿತು. ಜಿಪುಣತನದಿಂದ ಯಾರೂ ಹೀಗೆ ಮಾಡುವುದಿಲ್ಲ, ಅನ್ನ ಚೆಲ್ಲಬಾರದೆಂಬ ಸಂಸ್ಕಾರದಿಂದ ಮಾಡುತ್ತಾರೆ. ತಿಳಿಹೇಳುವುದು ಕಷ್ಟವಾಗುವುದೂ ಅದಕ್ಕೇ.

ಹಿಂಡಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಗಾಣದಲ್ಲಾಗಲಿ ಗಿರಣಿಯಲ್ಲಾಗಲಿ ಶೇಂಗಾ ಅರೆದಾಗ ಅಫ್ಲಾಟಾಕ್ಸಿನ್‌ನ ಹೆಚ್ಚಿನ ಭಾಗ ಎಣ್ಣೆಯಲ್ಲಿ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಎಮ್ಮೆ, ಆಕಳುಗಳಿಗೆ ನೆನೆಯಿಟ್ಟ ಹಿಂಡಿಯ ಬುಟ್ಟಿಗೆ ಬಾಯಿ ಹಾಕುವುದು ಹಳ್ಳಿಯ ನಾಯಿಯ ನಿತ್ಯದ ಅಭ್ಯಾಸ. ದನಕ್ಕೆ ಮೇಲ್ನೋಟಕ್ಕೆ ಏನೂ ಆಗದಂತೆ ಕಂಡರೂ ಅದೇ ಹಿಂಡಿ ನಾಯಿಗೆ ಅಪಾಯಕಾರಿ. ದನದ ಹೊಟ್ಟೆ ಸೇರಿದ ವಿಷದ ಒಂದಂಶ ರೂಪ ಬದಲಿಸಿ ಹಾಲಿಗೂ ಬರುತ್ತದೆ ಎಂಬುದು ಮನೆಯವರು ನೆನಪಿಡಬೇಕಾದ ಇನ್ನೊಂದು ಸಂಗತಿ.

ಗುರುತಿಸುವುದು ಹೇಗೆ

ಮೊದಲು ನಾಯಿ ಆಹಾರ ಬಿಡುತ್ತದೆ, ಮಂಕಾಗುತ್ತದೆ, ವಾಂತಿ ಮಾಡುತ್ತದೆ. ನಂತರ ಕಣ್ಣಿನ ಬಿಳಿಭಾಗ, ಒಸಡು, ಕಿವಿಯ ಒಳಭಾಗ ಹಳದಿಗೆ ತಿರುಗುತ್ತವೆ. ಮೂತ್ರ ಗಾಢ ಬಣ್ಣಕ್ಕೆ, ಮಲ ಕಪ್ಪಿಗೆ ತಿರುಗುವುದು, ಮೂಗು ಅಥವಾ ಒಸಡಿನಿಂದ ರಕ್ತ ಒಸರುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಕೈಮೀರುತ್ತಿರುವ ಸ್ಥಿತಿಯ ಲಕ್ಷಣಗಳು. ಈ ವಿಷಕ್ಕೆ ಪ್ರತಿವಿಷವಿಲ್ಲ. ರಕ್ತನಾಳದ ಮೂಲಕ ದ್ರವ, ವಿಟಮಿನ್ ಕೆ, ಯಕೃತ್ತನ್ನು ಕಾಯುವ ಔಷಧಗಳನ್ನು ಕೊಟ್ಟು ದೇಹಕ್ಕೆ ಚೇತರಿಸಿಕೊಳ್ಳುವ ಅವಕಾಶ ಮಾಡಿಕೊಡುವುದಷ್ಟೇ ವೈದ್ಯರ ಕೈಲಿರುವುದು. ಕಾಮಾಲೆಗೆ ಬೇರೆ ಕಾರಣಗಳೂ ಇವೆ. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಅವುಗಳಲ್ಲೊಂದು. ಅದು ಮನುಷ್ಯರಿಗೂ ಅಂಟುತ್ತದೆ. ಆದ್ದರಿಂದ ಏನು ತಿಂದಿತ್ತು, ಎಂದಿನಿಂದ ತಿನ್ನುತ್ತಿತ್ತು ಎಂಬುದನ್ನು ವೈದ್ಯರಿಗೆ ತಿಳಿಸುವುದು, ಉಳಿದ ಕಾಳನ್ನು ಚೀಲದಲ್ಲಿ ಕಟ್ಟಿ ಒಯ್ಯುವುದು ಉಪಯುಕ್ತ.

ಅಡುಗೆಮನೆಯ ಶೇಂಗಾ

ಉತ್ತರ ಕರ್ನಾಟಕದ ಊಟದಲ್ಲಿ ಶೇಂಗಾ ಒಂಟಿಯಾಗಿ ಬರುವುದು ಅಪರೂಪ. ಶೇಂಗಾ ಚಟ್ನಿಪುಡಿಯಲ್ಲಿ ಬೆಳ್ಳುಳ್ಳಿ, ಉಪ್ಪು, ಖಾರ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿಗಳೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ಬೆಳ್ಳುಳ್ಳಿಯದು ಇನ್ನೂ ಪ್ರಬಲ. ರೊಟ್ಟಿಗೆ ಸವರಿದ ಒಂದು ಚಿಟಿಕೆಯಿಂದ ನಾಯಿ ಸಾಯದು. ಆದರೆ ಚಟ್ನಿ, ಮೊಸರು ಕಲಸಿದ ರೊಟ್ಟಿಯೇ ನಿತ್ಯದ ಊಟವಾದರೆ ಮಾತು ಬೇರೆ. ನಾಗರಪಂಚಮಿಯ ಶೇಂಗಾ ಉಂಡಿ, ಹಬ್ಬದ ಶೇಂಗಾ ಹೋಳಿಗೆಗಳಲ್ಲಿ ಬೆಲ್ಲ ಮತ್ತು ಕೊಬ್ಬಿನ ಭಾರವೇ ಹೊರತು ವಿಷವೇನಿಲ್ಲ. ಒಣದ್ರಾಕ್ಷಿ ಸೇರಿದ ಉಂಡಿಯನ್ನು ಮಾತ್ರ ಕೊಡಲೇಬಾರದು. ದ್ರಾಕ್ಷಿ, ಒಣದ್ರಾಕ್ಷಿಗಳು ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ. ಯಾವ ನಾಯಿಗೆ ಎಷ್ಟು ತಿಂದರೆ ಹಾಗಾದೀತೆಂದು ಮೊದಲೇ ಹೇಳಲು ಬಾರದು.

ನಗರದ ಮನೆಗಳಲ್ಲಿ ಈಚೆಗೆ ಬಳಕೆಗೆ ಬಂದಿರುವ ಪೀನಟ್ ಬಟರ್ ಬಗೆಗೂ ಪ್ರತ್ಯೇಕ ಎಚ್ಚರಿಕೆ ಬೇಕು. ಸಕ್ಕರೆ ಇಲ್ಲದ್ದೆಂದು ಮಾರುವ ಕೆಲವು ಬಗೆಗಳಲ್ಲಿ ಜೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಮನುಷ್ಯರಿಗೆ ನಿರಪಾಯಕಾರಿಯಾದ ಇದು ನಾಯಿಯ ದೇಹದಲ್ಲಿ ಇನ್ಸುಲಿನ್ ಉಕ್ಕಿಸಿ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯೊಳಗೇ ಕುಸಿಯುವಂತೆ ಮಾಡಬಹುದು. ಪ್ರತಿ ಕಿಲೋ ದೇಹತೂಕಕ್ಕೆ 0.1 ಗ್ರಾಂ ಸಾಕು, 0.5 ಗ್ರಾಂ ದಾಟಿದರೆ ಯಕೃತ್ತಿಗೂ ಹಾನಿ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿ ಓದದೆ ಚಮಚ ಅದ್ದುವುದು ಬೇಡ.

ಉಳಿದ ಬೀಜಗಳು

ಸಿಹಿ ಬಾದಾಮಿ, ಹುರಿದ ಗೋಡಂಬಿ, ಉಪ್ಪಿಲ್ಲದ ಪಿಸ್ತಾ ಒಂದೆರಡು ತಿಂದರೆ ಚಿಂತೆಯಿಲ್ಲ. ಬಾದಾಮಿಯನ್ನು ಅಗಿಯದೆ ನುಂಗುವ ನಾಯಿಗೆ ಅದು ಗಂಟಲಲ್ಲಿ ಸಿಕ್ಕೀತು. ಗೋಡಂಬಿಯ ಹಸಿ ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಬಾಯಿ, ಚರ್ಮಗಳನ್ನು ಸುಡುವಂಥದ್ದು. ಕರಾವಳಿಯವರಿಗೆ ಇದು ಗೊತ್ತಿರುವ ವಿಷಯವೇ. ಅಕ್ರೋಟ್ ಬೂಷ್ಟು ಹಿಡಿದರೆ ಅದರಲ್ಲಿ ನಡುಕ, ಸೆಳೆತ ತರುವ ಬೇರೆ ಬಗೆಯ ವಿಷ ಹುಟ್ಟುತ್ತದೆ. ಬೂಷ್ಟು, ಉಪ್ಪುಗಳ ಮಾತು ಬಿಟ್ಟು, ಬೀಜವೇ ನಾಯಿಗೆ ವಿಷವಾಗಿರುವುದು ಮೆಕಡೇಮಿಯಾ. ನಮ್ಮ ಕಡೆ ಅದು ಬೆಳೆಯದಿದ್ದರೂ ವಿದೇಶಿ ಬಿಸ್ಕತ್ತು, ಚಾಕೊಲೇಟುಗಳಲ್ಲಿ ಬಂದು ಸೇರುತ್ತದೆ. ತಿಂದ 12 ಗಂಟೆಯೊಳಗೆ ನಾಯಿಯ ಹಿಂಗಾಲುಗಳು ಸೋಲುತ್ತವೆ. ವಾಂತಿ, ನಡುಕ, ಜ್ವರ ಬರುತ್ತವೆ. ಒಂದೆರಡು ದಿನಗಳಲ್ಲಿ ಸಾಮಾನ್ಯವಾಗಿ ಗುಣವಾಗುತ್ತದೆಂಬುದು ಸಮಾಧಾನ. ಚಾಕೊಲೇಟಿನ ವಿಷ ಬೇರೆಯೇ ಇರುತ್ತದೆಂಬುದನ್ನು ಮರೆಯಬಾರದು.

ಕಲಘಟಗಿಯಿಂದ ಪಶ್ಚಿಮಕ್ಕೆ ಯಲ್ಲಾಪುರದ ದಾರಿ ಹಿಡಿದರೆ ಅಡಿಕೆ ತೋಟಗಳ ಸೀಮೆ. ಅಡಿಕೆಯಲ್ಲಿನ ಅರೆಕೊಲಿನ್ ಎಂಬ ಅಂಶವನ್ನು ಒಂದು ಕಾಲದಲ್ಲಿ ಪಶುವೈದ್ಯರು ನಾಯಿಯ ಹೊಟ್ಟೆಯ ಲಾಡಿಹುಳು ತೆಗೆಯಲು ಭೇದಿಯೌಷಧವಾಗಿ ಕೊಡುತ್ತಿದ್ದರು. ಜೊಲ್ಲು, ವಾಂತಿ, ತೀವ್ರ ಭೇದಿ ಅದರ ಪರಿಣಾಮ. ಹೆಚ್ಚು ಸುರಕ್ಷಿತವಾದ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಇಂದಿಗೂ ಹುಳಕ್ಕೆಂದು ಅಡಿಕೆ ಪುಡಿ ತಿನ್ನಿಸುವವರಿದ್ದರೆ ಬಿಡುವುದೇ ಲೇಸು. ಗುಟ್ಕಾ ಚೀಟಿ ನೆಕ್ಕುವ ನಾಯಿಗೆ ಅಡಿಕೆಯ ಜೊತೆ ತಂಬಾಕಿನ ನಿಕೋಟಿನ್ ಕೂಡ ಸೇರುತ್ತದೆ.

ಔಡಲ ಬೀಜ ಇವೆಲ್ಲಕ್ಕಿಂತ ಘೋರ. ಅದರಲ್ಲಿರುವ ರೈಸಿನ್ ಎಣ್ಣೆ ತೆಗೆದ ಮೇಲೂ ಹಿಂಡಿಯಲ್ಲಿ ಉಳಿಯುತ್ತದೆ. ಗೊಬ್ಬರವೆಂದು ಗಿಡಕ್ಕೆ ಹಾಕಿದ ಔಡಲ ಹಿಂಡಿಯನ್ನು ನಾಯಿ ಕೆದರಿ ತಿನ್ನುತ್ತದೆ. ನಗರದ ಕೈತೋಟಗಳಲ್ಲೂ ಈ ಗೊಬ್ಬರ ಬಳಕೆಯಲ್ಲಿದೆ.

ಬಿತ್ತನೆ ಬೀಜ, ಇಲಿಪಾಷಾಣ

ಬಿತ್ತುವ ಮುನ್ನ ಶೇಂಗಾ ಬೀಜಕ್ಕೆ ಶಿಲೀಂಧ್ರನಾಶಕ, ಕೆಲವೊಮ್ಮೆ ಕೀಟನಾಶಕ ಲೇಪಿಸುವುದು ವಾಡಿಕೆ. ಕೆಂಪು, ನೀಲಿ ಬಣ್ಣದ ಅಂಥ ಬೀಜ ಬಿತ್ತನೆಯ ನಂತರ ಚೀಲದ ತಳದಲ್ಲಿ ಉಳಿದರೆ ಅದನ್ನು ಯಾವ ಪ್ರಾಣಿಗೂ ಹಾಕುವಂತಿಲ್ಲ. ಇಲಿಗಳಿಗಾಗಿ ಇಡುವ ಸತುವಿನ ಫಾಸ್ಫೈಡ್ ಪಾಷಾಣ ಇನ್ನೂ ಭಯಾನಕ. ಸುಮಾರು 96 ಪಾಲು ನುಚ್ಚು ಅಥವಾ ಧಾನ್ಯ, 2 ಪಾಲು ಖಾದ್ಯತೈಲ, 2 ಪಾಲು ಪಾಷಾಣ ಎಂಬುದು ಅದರ ರೂಢಿಯ ಮಿಶ್ರಣ. ಇಲಿಯನ್ನು ಸೆಳೆಯುವ ಎಣ್ಣೆಯ ಪರಿಮಳ ನಾಯಿಯನ್ನೂ ಸೆಳೆಯುತ್ತದೆ. ಹೊಟ್ಟೆಯ ಆಮ್ಲಕ್ಕೆ ಸೇರಿದೊಡನೆ ಫಾಸ್ಫೀನ್ ಅನಿಲ ಹುಟ್ಟುತ್ತದೆ. ಇಂಥ ನಾಯಿಗೆ ಅನ್ನ, ಹಾಲು ಕೊಡಬಾರದು. ಆಹಾರ ಆಮ್ಲವನ್ನು ಹೆಚ್ಚಿಸುತ್ತದೆ. ಅದರ ವಾಂತಿಯಿಂದ ಹೊರಡುವ ಅನಿಲ ಮನುಷ್ಯರಿಗೂ ಅಪಾಯವಾದ್ದರಿಂದ ಮುಚ್ಚಿದ ಕೋಣೆಯಲ್ಲೋ ಕಿಟಕಿ ಏರಿಸಿದ ಕಾರಿನಲ್ಲೋ ಅದರ ಜೊತೆ ಕುಳಿತಿರಬಾರದು.

ಯಾವುದೇ ವಿಷಕ್ಕೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡ. ಉಪ್ಪೇ ನಾಯಿಗೆ ವಿಷವಾಗಬಲ್ಲದು. ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆ ಮೊದಲ ಆಶ್ರಯ. ಸಂಚಾರಿ ಪಶುಚಿಕಿತ್ಸಾ ಘಟಕಗಳಿಗಾಗಿ 1962 ಎಂಬ ಉಚಿತ ಸಹಾಯವಾಣಿ ಇದೆ. ಅದು ಮುಖ್ಯವಾಗಿ ಜಾನುವಾರುಗಳಿಗೆ ಮೀಸಲಾದರೂ ಕರೆ ಮಾಡಿ ವಿಚಾರಿಸುವುದರಲ್ಲಿ ನಷ್ಟವಿಲ್ಲ.

ಬೂಷ್ಟನ್ನು ತಡೆಯುವ ಕೆಲಸ ನಾಯಿಯ ಬಟ್ಟಲಿನಿಂದಲ್ಲ, ಹೊಲದಿಂದ ಆರಂಭವಾಗಬೇಕು. ಬಲಿತೊಡನೆ ಕೀಳುವುದು, ಕಾಯಿ ಮೇಲ್ಮುಖವಾಗುವಂತೆ ಬಳ್ಳಿಯನ್ನು ಮಗುಚಿ ಒಣಗಿಸುವುದು, ತೇವಾಂಶ ಶೇಕಡಾ 8ಕ್ಕೆ ಇಳಿಯುವ ಮುನ್ನ ಚೀಲ ತುಂಬದಿರುವುದು, ಚೀಲಗಳನ್ನು ಬರಿನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡುವುದು, ಬೀಜಕ್ಕೆಂದು ನೀರು ಚಿಮುಕಿಸಿ ಸುಲಿದ ಕಾಳನ್ನು ಮತ್ತೆ ಒಣಗಿಸದೆ ಕೂಡಿಡದಿರುವುದು ಕೃಷಿ ವಿಜ್ಞಾನಿಗಳು ಹೇಳುತ್ತ ಬಂದಿರುವ ಕ್ರಮಗಳು. ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಕಾಳು ಗಲಗಲ ಸದ್ದು ಮಾಡಬೇಕು ಎಂಬುದು ರೈತರ ಹಳೆಯ ಅಳತೆ. ಇಷ್ಟಾದ ಮೇಲೂ ಮೊರದಲ್ಲಿ ಉಳಿಯುವ ಕೆಟ್ಟ ಕಾಳನ್ನು ತಿಪ್ಪೆಗೆ ಚೆಲ್ಲಿದರೆ ಊರ ನಾಯಿಗಳೇ ಅದನ್ನು ಮೊದಲು ಹುಡುಕಿಕೊಂಡು ಬರುತ್ತವೆ. ಅದನ್ನು ಆಳವಾದ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಬೇಕು.